‘ಏನೂ ಇಲ್ಲ’ ಎಂದು ಷರಾ ಬರೆದ ನೆಲ

1991ರ ಬೇಸಿಗೆಯ ಒಂದು ಮಧ್ಯಾಹ್ನ ಕಲಘಟಗಿ ಕಡೆಯ ಒಂದು ಗ್ರಾಮದ ಗೋಮಾಳವನ್ನು, ನಮ್ಮ ಕಡೆಯ ಮಾತಿನಲ್ಲಿ ಗಾಯರಾಣವನ್ನು, ಪರಿಶೀಲಿಸಲು ಹೋಗಿದ್ದೆ. ಕಂದಾಯ ಇಲಾಖೆಯಲ್ಲಿ ನನ್ನ ಸೇವೆಯ ಆರಂಭದ ವರ್ಷಗಳವು. ಸುಮಾರು 38 ಎಕರೆ ಮಡ್ಡಿ ನೆಲ. ಅದನ್ನು ಒಂದು ಸಾರ್ವಜನಿಕ ಉದ್ದೇಶಕ್ಕೆ ಕೇಳಿ ಅರ್ಜಿ ಬಂದಿತ್ತು. ಸುತ್ತಲೂ ಒಣಗಿದ ಹುಲ್ಲು, ಅಲ್ಲಲ್ಲಿ ಕುರುಚಲು ಗಿಡ, ಕಪ್ಪು ಬಂಡೆಗಳು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ‘ಸದರಿ ಜಮೀನಿನಲ್ಲಿ ಹುಲ್ಲು ಹಾಗೂ ಕುರುಚಲು ಗಿಡಗಳ ಹೊರತು ಏನೂ ಇರುವುದಿಲ್ಲ’ ಎಂದು ಷರಾ ಬರೆದು ಸಹಿ ಹಾಕಿದೆ.

ಸಮೀಪದಲ್ಲಿ ಕುರಿ ಕಾಯುತ್ತಿದ್ದ ಒಬ್ಬ ಮುದುಕ ತಲಾಟಿಯ ಬಾಯಿಂದ ಈ ಮಾತು ಕೇಳಿಸಿಕೊಂಡು ನನ್ನ ಬಳಿ ಬಂದ. ‘ಸಾಹೇಬ್ರ, ಇಲ್ಲಿ ಏನೂ ಇಲ್ಲ ಅಂತ ಬರಕೊಂಡ್ರಿ? ಹಂಗಾದ್ರ ನಮ್ಮ ಕುರಿ ಇಷ್ಟು ವರ್ಷ ಏನೂ ತಿನ್ನದ ಬದುಕ್ಯಾವೇನ್ರಿ?’ ಎಂದು ಕೇಳಿದ. ಅದರಲ್ಲಿ ಸಿಟ್ಟಿರಲಿಲ್ಲ, ನಿಜವಾದ ಅಚ್ಚರಿಯಿತ್ತು. ನಾನು ನಕ್ಕು ಜೀಪು ಹತ್ತಿದೆ. ಆ ಪ್ರಶ್ನೆಗೆ ಉತ್ತರ ಹುಡುಕಬೇಕೆನಿಸಿದ್ದು ನಿವೃತ್ತಿಯ ನಂತರ.

ನನ್ನ ತಪ್ಪನ್ನು ವ್ಯವಸ್ಥೆಯ ಮೇಲೆ ಹೊರಿಸುವುದು ಇಲ್ಲಿನ ಉದ್ದೇಶವಲ್ಲ. ಆದರೂ ಆ ಷರಾದ ಹಿಂದೆ ದೊಡ್ಡ ಪರಂಪರೆಯೊಂದಿತ್ತು ಎಂಬುದನ್ನು ಹೇಳಲೇಬೇಕು. ಮುಂಬಯಿ ಪ್ರಾಂತ್ಯದ ಭೂಮಾಪನ ಪದ್ಧತಿಗೆ ಅಂತಿಮ ರೂಪ ಕೊಟ್ಟದ್ದು 1847ರ ಸಂಯುಕ್ತ ವರದಿ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅದರ ಪ್ರಮುಖ ಕರ್ತೃಗಳು. ಮಣ್ಣಿನ ಆಳ, ಬಣ್ಣ, ದೋಷಗಳನ್ನು ನೋಡಿ ನೆಲವನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿ ಆಣೆಗಳಲ್ಲಿ ಬೆಲೆ ಕಟ್ಟುವ ಆ ಪದ್ಧತಿ ತನ್ನ ಕಾಲಕ್ಕೆ ಅಸಾಧಾರಣವಾದುದು. ಎರೆ ಭೂಮಿಯ ಉತ್ತಮ ಹೊಲ ಹದಿನಾರಾಣೆ. ಕೆಳಕ್ಕಿಳಿದಂತೆ ಬೆಲೆಯೂ ಇಳಿಯುತ್ತದೆ. ಉಳುಮೆಗೆ ಬಾರದ್ದು ಖರಾಬು. ಕಂದಾಯ ನಿಗದಿಗೆ ಇದು ಸರಿಯಾದ ಅಳತೆಯೇ. ಆದರೆ ಕಂದಾಯ ಕೊಡದ ನೆಲವನ್ನು ನಾವು ಕ್ರಮೇಣ ಏನನ್ನೂ ಕೊಡದ ನೆಲ ಎಂದು ಓದತೊಡಗಿದೆವು. ಪಹಣಿಯಲ್ಲಿ ಬೆಳೆಗೆ ಕಾಲಂ ಇದೆ. ಬಿತ್ತದೆ ಬೆಳೆದುದಕ್ಕೆ ಇಲ್ಲ.

ನಾನು ಓದಿದ ಅರ್ಥಶಾಸ್ತ್ರವೂ ಇದಕ್ಕೆ ಪೂರಕವಾಗಿಯೇ ಇತ್ತು. ಬೆಲೆಯಿಲ್ಲದ ವಸ್ತು ಲೆಕ್ಕದಿಂದ ಹೊರಗುಳಿಯುತ್ತದೆ. ಲೆಕ್ಕದಿಂದ ಹೊರಗುಳಿದದ್ದು ನಿರ್ಧಾರ ಕೈಗೊಳ್ಳುವವನ ಕಣ್ಣಿಗೆ ಶೂನ್ಯವಾಗುತ್ತದೆ. ಇದು ಹಳೆಯ ಕಾಲದ ದೋಷವೆಂದು ಭಾವಿಸಬೇಕಿಲ್ಲ. 2000ದಲ್ಲಿ ಮೊದಲ ಬಾರಿಗೆ ಪ್ರಕಟವಾಗಿ ಮತ್ತೆ ಮತ್ತೆ ಪರಿಷ್ಕೃತವಾದ ಭಾರತದ ಬಂಜರು ಭೂಮಿಗಳ ನಕ್ಷಾಸಂಪುಟದಲ್ಲಿಯೂ ಕುರುಚಲು ನೆಲ ಬಂಜರಿನ ಒಂದು ಬಗೆಯಾಗಿಯೇ ಸ್ಥಾನ ಪಡೆದಿದೆ. ಉಪಗ್ರಹದ ಕಣ್ಣಿಗೂ ನನ್ನ ಕಣ್ಣಿಗೂ ಕಂಡದ್ದು ಒಂದೇ.

ಇದರ ಪರಿಣಾಮವನ್ನು ಅಂದಿನ ಧಾರವಾಡ ಜಿಲ್ಲೆ ಕಣ್ಣಾರೆ ಕಂಡಿದೆ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಖಾಸಗಿ ಉದ್ಯಮವೊಂದರ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಹುಟ್ಟಿತು. ಸುಮಾರು 30 ಸಾವಿರ ಹೆಕ್ಟೇರ್ ‘ಸಿ’ ಮತ್ತು ‘ಡಿ’ ವರ್ಗದ ಭೂಮಿಯಲ್ಲಿ ನೀಲಗಿರಿಯಂತಹ ತಿರುಳು ಮರ ಬೆಳೆಸುವ ಯೋಜನೆ ಅದು. ಕಾಗದದ ಮೇಲೆ ಅವೆಲ್ಲ ಹಾಳು ಭೂಮಿಗಳು. ಆದರೆ ದನಕ್ಕೆ ಮೇವು, ಒಲೆಗೆ ಸೌದೆ, ಗಾಯಕ್ಕೆ ಮದ್ದು ತರುತ್ತಿದ್ದವರು ಅದೇ ನೆಲವನ್ನು ನಂಬಿದ್ದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ನಡೆದ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹದಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1991ರಲ್ಲಿ ಕಂಪನಿ ಮುಚ್ಚಿತು. ಅದೇ ವರ್ಷ ನಾನು ಕಲಘಟಗಿಯ ಕಡೆ ‘ಏನೂ ಇರುವುದಿಲ್ಲ’ ಎಂದು ಬರೆದೆ! ಪತ್ರಿಕೆ ಓದುವುದು ಬೇರೆ, ಕಲಿಯುವುದು ಬೇರೆ.

ನಿವೃತ್ತನಾಗಿ ಧಾರವಾಡದಲ್ಲಿ ನೆಲೆಸಿದ ಮೇಲೆ ಬೆಳಗಿನ ವಾಯುವಿಹಾರ ನನಗೂ ಅಂಟಿಕೊಂಡಿತು. ವಿಶ್ವವಿದ್ಯಾಲಯದ ಗುಡ್ಡ, ಕೆಲಗೇರಿ ಕೆರೆಯ ದಂಡೆ, ಕೆಲವೊಮ್ಮೆ ಹುಬ್ಬಳ್ಳಿಯ ನೃಪತುಂಗ ಬೆಟ್ಟ. ಜೊತೆಗಾರರಲ್ಲಿ ಒಬ್ಬರು ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕರು. ಒಂದು ದಿನ ಅವರು ನನ್ನ ಕೈಗೆ ಪುಟ್ಟ ಮಸೂರವೊಂದನ್ನು ಕೊಟ್ಟು, ಕಾಲ ಬುಡದಲ್ಲಿದ್ದ ನೀಲಿ ಹೂವನ್ನು ನೋಡಲು ಹೇಳಿದರು. ವಿಷ್ಣುಕ್ರಾಂತಿ. ಹೆಸರನ್ನು ನೂರು ಸಲ ಕೇಳಿದ್ದೆ. ನೋಡಿದ್ದು ಅದೇ ಮೊದಲು. ಆ ಸಂಜೆ ನಾನೊಂದು ನೋಟ್‌ಬುಕ್ ಕೊಂಡೆ. ಅಧಿಕಾರಿಯ ಹಳೆಯ ಚಾಳಿಯಂತೆ ಕಾಲಂ ಎಳೆದೆ: ಕ್ರಮ ಸಂಖ್ಯೆ, ದಿನಾಂಕ, ಸ್ಥಳ, ಸ್ಥಳೀಯ ಹೆಸರು, ಶಾಸ್ತ್ರೀಯ ಹೆಸರು, ಷರಾ.

ಧಾರವಾಡದ ನೆಲ ಇಂತಹ ನೋಟ್‌ಬುಕ್ಕಿಗೆ ಹೇಳಿ ಮಾಡಿಸಿದಂತಿದೆ. ಪಶ್ಚಿಮಕ್ಕೆ ಕಲಘಟಗಿಯತ್ತ ನಡೆದರೆ ಸೆರಗಿನ ಮಲೆನಾಡು, ಪೂರ್ವಕ್ಕೆ ನವಲಗುಂದದತ್ತ ಹೊರಳಿದರೆ ಅಪ್ಪಟ ಎರೆ ಬಯಲು. ಮಳೆಯೂ ಮಣ್ಣೂ ಹೀಗೆ ಕೆಲವೇ ಹರದಾರಿಗಳಲ್ಲಿ ಬದಲಾಗುವ ಸೀಮೆಯಲ್ಲಿ ಎರಡೂ ಕಡೆಯ ಸಸ್ಯಗಳು ಸಂಧಿಸುತ್ತವೆ. ತುಂಬೆ, ಉತ್ತರಾಣಿ, ನೆಗ್ಗಿನಮುಳ್ಳು, ತಂಗಡಿ ಎಲ್ಲರಿಗೂ ಪರಿಚಿತ. ಮೊದಲ ಮಳೆಯ ನಂತರ ಮಡ್ಡಿಯಲ್ಲಿ ಕೆಲವೇ ವಾರ ಕಾಣಿಸಿಕೊಂಡು ಮತ್ತೆ ಗಡ್ಡೆಯೊಳಗೆ ಅಡಗುವ ಸೆರೊಪೀಜಿಯಾ ಬಳ್ಳಿಯದು ಬೇರೆಯೇ ಕಥೆ. ಹೂಜಿಯಂತಹ ಹೂವು, ಒಳಹೊಕ್ಕ ನೊಣವನ್ನು ತುಸು ಕಾಲ ಸೆರೆಹಿಡಿದು ಪರಾಗ ಅಂಟಿಸಿ ಬಿಡುತ್ತದೆ. ಕುರಿಗಾಹಿಗಳಿಗೆ ಅದರ ಗಡ್ಡೆ ತಿನ್ನಲು ಬರುತ್ತದೆಂದು ಗೊತ್ತು. ಬೇಸಿಗೆಯ ಮಧ್ಯಾಹ್ನ ಪರಿಶೀಲನೆಗೆ ಹೋಗುವ ಅಧಿಕಾರಿಗೆ ಅದು ಎಂದೂ ಕಾಣದು. ಮುದುಕನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ್ದು ಇಲ್ಲಿ: ನಾನು ಹೋದದ್ದೇ ತಪ್ಪು ಋತುವಿನಲ್ಲಿ.

ಈ ಸೀಮೆಯ ಸಸ್ಯಗಳನ್ನು ಮೊದಲು ದಾಖಲಿಸಿದವರು ಯಾರೆಂದು ಹುಡುಕಿದಾಗ ನನಗೆ ಅಚ್ಚರಿಯೂ ಸಂಕೋಚವೂ ಆಯಿತು. ಅವರಲ್ಲಿ ಹೆಚ್ಚಿನವರು ನನ್ನಂತೆಯೇ ಸರ್ಕಾರಿ ನೌಕರರು. ಗಿಬ್ಸನ್ ಜೊತೆ 1861ರಲ್ಲಿ ‘ಬಾಂಬೆ ಫ್ಲೋರಾ’ ಪ್ರಕಟಿಸಿದ ಡಾಲ್ಜೆಲ್ ಸುಂಕದ ಇಲಾಖೆಯಲ್ಲಿದ್ದವನು. ಮುಂಬಯಿ ಪ್ರಾಂತ್ಯದ ಸಸ್ಯಸಂಪತ್ತಿನ ಪ್ರಮಾಣಗ್ರಂಥ ಬರೆದ ಥಿಯೋಡೋರ್ ಕುಕ್ ಪುಣೆಯ ವಿಜ್ಞಾನ ಕಾಲೇಜಿನ ಪ್ರಾಚಾರ್ಯ. ನಿವೃತ್ತಿಯ ನಂತರ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕುಳಿತು ಆ ಕಾರ್ಯ ಮುಗಿಸಿದ. ಅವನ ಪುಟಗಳಲ್ಲಿ ನಮ್ಮ ನಾಡಿನ ಹೆಸರು ‘ದಕ್ಷಿಣ ಮರಾಠಾ ದೇಶ’. ಅರಣ್ಯಾಧಿಕಾರಿ ಟಾಲ್ಬಟ್ 1909ರಿಂದ 1911ರ ಅವಧಿಯಲ್ಲಿ ಹೊರತಂದ ಎರಡು ಸಂಪುಟಗಳಲ್ಲಿ ಮರಗಳ ಕನ್ನಡ ಹೆಸರುಗಳನ್ನೂ ಕೊಟ್ಟ. ಇನ್ನೊಬ್ಬ ಅರಣ್ಯಾಧಿಕಾರಿ ಬೆಲ್ ಚಿಟ್ಟೆಗಳ ಜೊತೆಗೆ ಉತ್ತರ ಕನ್ನಡದ ಸಸ್ಯಗಳನ್ನೂ ಕಲೆಹಾಕಿ ಕಾರವಾರದಲ್ಲೇ ನೆಲೆಸಿ 1948ರಲ್ಲಿ ತೀರಿಕೊಂಡ.

ಇವರೆಲ್ಲರಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದವನು ಎಲ್.ಜೆ. ಸೆಜ್‌ವಿಕ್. ಐ.ಸಿ.ಎಸ್. ಅಧಿಕಾರಿಯಾಗಿದ್ದ ಈತ 1921ರಲ್ಲಿ ಮುಂಬಯಿ ಪ್ರಾಂತ್ಯದ ಜನಗಣತಿಯ ಮುಖ್ಯಸ್ಥ. ಜನರನ್ನು ಎಣಿಸಿದ ಅದೇ ಕೈ ಧಾರವಾಡದ ಹುಲ್ಲುಗಳನ್ನೂ ಹಾವಸೆಗಳನ್ನೂ ಸಂಗ್ರಹಿಸಿತು. ಬ್ಲಾಟರ್ ಮತ್ತು ಮೆಕ್ಯಾನ್ 1935ರಲ್ಲಿ ಪ್ರಕಟಿಸಿದ ಮುಂಬಯಿ ಪ್ರಾಂತ್ಯದ ಹುಲ್ಲುಗಳ ಗ್ರಂಥದಲ್ಲಿ ಧಾರವಾಡದ ಹೆಸರಿನ ಪಕ್ಕ ಸೆಜ್‌ವಿಕ್‌ನ ಹೆಸರು ಕಾಣಸಿಗುತ್ತದೆ. ಆತನ ಸಂಗ್ರಹ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನ ಬ್ಲಾಟರ್ ಸಸ್ಯಾಗಾರದಲ್ಲಿದೆ. ಆ ಅಧಿಕಾರಿಗಳು ಆಳುವವರ ಪ್ರತಿನಿಧಿಗಳಾಗಿದ್ದರು ಎಂಬುದನ್ನು ಮರೆಯಬೇಕಿಲ್ಲ. ಮರದ ದಿಮ್ಮಿಯ ಮೇಲಿನ ಕಣ್ಣೂ ಅವರ ಸರ್ಕಾರಕ್ಕಿತ್ತು. ಆದರೆ ಕಚೇರಿ ಮುಗಿದ ಮೇಲೆ ಹುಲ್ಲಿನ ತೆನೆಯನ್ನು ಕಾಗದದ ನಡುವೆ ಒತ್ತಿ ದಿನಾಂಕ ಬರೆದಿಟ್ಟ ಶಿಸ್ತು ಅವರದೇ. ಅದರಿಂದಾಗಿ ನೂರು ವರ್ಷ ಹಿಂದೆ ಇಲ್ಲಿ ಏನಿತ್ತೆಂದು ಇಂದು ಹೇಳಬಹುದು. ಮೂವತ್ತು ವರ್ಷಗಳ ಹಿಂದೆ ನಾನು ಕಂಡ ಮಡ್ಡಿಯಲ್ಲಿ ಏನಿತ್ತೆಂದು ಹೇಳಲು ನನ್ನ ಬಳಿ ಒಂದು ಎಲೆಯೂ ಇಲ್ಲ.

ಸ್ವಾತಂತ್ರ್ಯಾನಂತರ ಕೆಲಸ ನಿಂತಿತೆಂದಲ್ಲ. ಫಾದರ್ ಸಿಸಿಲ್ ಸಲ್ಡಾನ್ಹಾ ಅವರು ಹಾಸನ ಜಿಲ್ಲೆಯ ಸಸ್ಯಗಳ ಬೃಹತ್ ಗ್ರಂಥವನ್ನು 1976ರಲ್ಲಿ ಹೊರತಂದರು. ಕರ್ನಾಟಕದ ಸಸ್ಯಸಂಪತ್ತಿನ ಎರಡು ಸಂಪುಟಗಳು 1984 ಮತ್ತು 1996ರಲ್ಲಿ ಬಂದವು. ಅವರ ಸಂಗ್ರಹ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಬರೆದು ಸಸ್ಯಶಾಸ್ತ್ರವನ್ನು ಕನ್ನಡಿಗರ ಮನೆಯೊಳಗೆ ತಂದರು. ಕರ್ನಾಟಕ ವಿಶ್ವವಿದ್ಯಾಲಯದ ಅಧ್ಯಾಪಕರು, ಸಂಶೋಧಕರು ತಮ್ಮ ಪಾಲಿನ ದುಡಿಮೆ ಮಾಡುತ್ತಲೇ ಬಂದಿದ್ದಾರೆ. ಕೊರತೆ ಇರುವುದು ವಿದ್ವಾಂಸರದ್ದಲ್ಲ, ಅವರ ಹಿಂದೆ ನಿಲ್ಲಬೇಕಾದ ಹವ್ಯಾಸಿಗಳದ್ದು.

ಈ ಮಾತಿಗೆ ಸ್ವೀಡನ್ ಒಳ್ಳೆಯ ನಿದರ್ಶನ. ನಾನು ಅಲ್ಲಿಗೆ ಹೋದವನಲ್ಲ, ಓದಿ ತಿಳಿದವನು. ಜಗತ್ತಿನ ಸಸ್ಯಗಳಿಗೆ ಎರಡು ಪದಗಳ ಹೆಸರಿಡುವ ಕ್ರಮವನ್ನು 1753ರಲ್ಲಿ ನೆಲೆಗೊಳಿಸಿದ ಲಿನ್ನೇಯಸ್ ಆ ದೇಶದವನು. ಆತನ ಶಿಷ್ಯ ಅಕಾರಿಯಸ್ ವಾಡ್‌ಸ್ಟೆನಾ ಎಂಬ ಸಣ್ಣ ಊರಿನಲ್ಲಿ ವೈದ್ಯನಾಗಿದ್ದುಕೊಂಡೇ ಕಲ್ಲುಹೂವುಗಳ ಅಧ್ಯಯನಕ್ಕೆ ಶಾಸ್ತ್ರದ ಸ್ವರೂಪ ಕೊಟ್ಟ. ಆದರೆ ಆ ದೇಶದ ನಿಜವಾದ ಸಂಪತ್ತು ಈ ಇಬ್ಬರಲ್ಲಿಲ್ಲ. ಶಾಲಾ ಶಿಕ್ಷಕರು, ಅಂಚೆ ನೌಕರರು, ರೈತರು, ನಿವೃತ್ತರು ಪ್ರಾಂತ್ಯವನ್ನು ನಕ್ಷೆಯ ಮೇಲೆ ಐದೈದು ಕಿಲೋಮೀಟರ್‌ಗಳ ಚೌಕಗಳಾಗಿ ಹಂಚಿಕೊಂಡು, ವರ್ಷಗಟ್ಟಲೆ ಒಂದೊಂದು ಚೌಕವನ್ನೂ ನಡೆದು ನೋಡಿ ಪಟ್ಟಿ ಮಾಡುವುದರಲ್ಲಿದೆ. ಒಬ್ಬೊಬ್ಬರ ಪಟ್ಟಿ ಅಲ್ಪವೇ. ಕೂಡಿಸಿದಾಗ ಅದು ಇಡೀ ಪ್ರಾಂತ್ಯದ ಸಸ್ಯಗ್ರಂಥ. ಅನ್ಯರ ನೆಲಕ್ಕೆ ಹಾನಿ ಮಾಡದೆ ಕಾಡುಮೇಡಿನಲ್ಲಿ ನಡೆದಾಡುವ ಹಕ್ಕು ಅಲ್ಲಿ ಎಲ್ಲರಿಗೂ ಇದೆ. ನಮ್ಮ ಗಾಯರಾಣ, ಕೆರೆಯಂಗಳ, ಗುಡ್ಡಗಳೂ ಅಂತಹ ಸಾರ್ವಜನಿಕ ನೆಲಗಳೇ. ನಡೆಯುವವರು ಕಡಿಮೆ, ಅಷ್ಟೆ.

ಕಲ್ಲುಹೂವಿನ ಮಾತು ಬಂದಿತು. ಲೈಕೆನ್ ಎಂದು ಶಾಸ್ತ್ರಜ್ಞರು ಕರೆಯುವ ಇದನ್ನು ಹುಡುಕಿಕೊಂಡು ನಾವು ಉತ್ತರ ಧ್ರುವದವರೆಗೆ ಹೋಗಬೇಕಿಲ್ಲ. ನಮ್ಮ ಮನೆಗಳ ಮಸಾಲೆ ಖಾರದಲ್ಲಿ ಬೀಳುವ, ಒಂದು ಬದಿ ಕಪ್ಪು, ಇನ್ನೊಂದು ಬದಿ ಬೂದಿ ಬಣ್ಣದ ಒಣಚೂರೇ ಅದು. ಪಶ್ಚಿಮ ಘಟ್ಟ ಮತ್ತು ಹಿಮಾಲಯದ ಕಾಡುಗಳಿಂದ ಅದನ್ನು ಕಿತ್ತು ತರುತ್ತಾರೆ. ಹೊಲದಲ್ಲಿ ಬೆಳೆಯಲಾಗದಷ್ಟು ಅದರ ಬೆಳವಣಿಗೆ ನಿಧಾನ. ಅದು ಒಂದೇ ಜೀವಿಯಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಸಂಸಾರ ಎಂದು 1860ರ ದಶಕದ ಕೊನೆಯಲ್ಲಿ ಸ್ವಿಸ್ ವಿಜ್ಞಾನಿ ಶ್ವೆಂಡೆನರ್ ಹೇಳಿದಾಗ ಅಂದಿನ ಪಂಡಿತರು ಹಾಸ್ಯ ಮಾಡಿದ್ದರು.

ಬೇರಿಲ್ಲದ ಕಲ್ಲುಹೂವು ನೀರನ್ನೂ ಆಹಾರವನ್ನೂ ಗಾಳಿ-ಮಳೆಯಿಂದಲೇ ಹೀರಿಕೊಳ್ಳುತ್ತದೆ. ಗಾಳಿಯಲ್ಲಿರುವ ವಿಷವನ್ನೂ ಬಿಡದೆ ಹೀರುತ್ತದೆ. ಹೀಗಾಗಿ ಅದು ಗಾಳಿಯ ಲೆಕ್ಕಪರಿಶೋಧಕ. ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ನಗರದ ಇತರೆಡೆಗಿಂತ ಹೆಚ್ಚು ಬಗೆಯ ಕಲ್ಲುಹೂವುಗಳಿರುವುದನ್ನು ನೈಲಾಂಡರ್ ಎಂಬಾತ 1866ರಲ್ಲೇ ಗಮನಿಸಿ, ಅದನ್ನು ಗಾಳಿಯ ಶುದ್ಧತೆಗೆ ತಾಳೆ ಹಾಕಿದ್ದ. ಭಾರತದಲ್ಲಿ ಈವರೆಗೆ 2,500ಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿವೆ. ಲಖನೌ ಮತ್ತು ಪುಣೆಯ ಸಂಸ್ಥೆಗಳು ಈ ಕ್ಷೇತ್ರದಲ್ಲಿ ಹೆಸರು ಮಾಡಿವೆ. ನನ್ನ ನೋಟ್‌ಬುಕ್ಕಿನಲ್ಲಿ ಇದಕ್ಕೂ ಒಂದು ಭಾಗವಿದೆ. ವಿಶ್ವವಿದ್ಯಾಲಯದ ಗುಡ್ಡದ ಹಳೆಯ ಮಾವಿನ ಮರಗಳ ತೊಗಟೆಯ ಮೇಲೆ ಅಂಗೈಯಗಲದ ಹಸಿರು-ಬೂದಿ ಚಿತ್ತಾರಗಳು ಹಲವು ಬಗೆಯವು. ಹುಬ್ಬಳ್ಳಿಯ ದಟ್ಟಣೆಯ ರಸ್ತೆಗಳ ಮರಗಳಲ್ಲಿ ನನಗೆ ಕಂಡದ್ದು, ಹೊಗೆಯನ್ನು ತಾಳಿಕೊಳ್ಳುವವೆಂದು ಹೆಸರಾದ ಒಂದೆರಡು ಬಗೆ ಮಾತ್ರ. ಇದು ಹವ್ಯಾಸಿಯ ಅವಲೋಕನ, ಸಂಶೋಧನೆಯಲ್ಲ. ಆದರೆ ಹತ್ತು ಜನ ಹತ್ತು ವರ್ಷ ಅವೇ ಮರಗಳನ್ನು ನೋಡಿ ಬರೆದಿಟ್ಟರೆ ಅದು ಬೇರೆಯೇ ತೂಕದ ಸಾಕ್ಷ್ಯವಾದೀತು.

ದಾಖಲೆಯಿಂದ ಪ್ರಯೋಜನವೇನು ಎಂದು ಕೇಳುವವರಿಗೆ ಕಾಂಗ್ರೆಸ್ ಕಳೆಯ ಉದಾಹರಣೆ ಕೊಡುತ್ತೇನೆ. ಈ ಪಾರ್ಥೇನಿಯಂ ಪುಣೆಯಲ್ಲಿ ಕಾಣಿಸಿಕೊಂಡದ್ದನ್ನು ಸಸ್ಯಶಾಸ್ತ್ರಜ್ಞ ಆರ್.ಎಸ್. ರಾವ್ 1956ರಲ್ಲಿ ವರದಿ ಮಾಡಿದರು. ಇಂದು ಅದು ನಮ್ಮ ಪ್ರತಿ ಖಾಲಿ ನಿವೇಶನವನ್ನೂ ಆಕ್ರಮಿಸಿದೆ. ಒಳಬಂದ ಶತ್ರುವಿನ ದಿನಾಂಕ ನಮಗೆ ಗೊತ್ತು, ಯಾರೋ ಒಬ್ಬರು ನೋಡಿ ಬರೆದಿಟ್ಟಿದ್ದರಿಂದ. ಆದರೆ ಅದು ಬಂದ ಮೇಲೆ ನಮ್ಮ ಮಡ್ಡಿಗಳಿಂದ ಹೊರಟುಹೋದ ಗಿಡಗಳ ದಿನಾಂಕ? ಹೊಲದ ಬದುವಿನಿಂದ ತಂದು ರೊಟ್ಟಿಯೊಡನೆ ತಿನ್ನುತ್ತಿದ್ದ ಹಕ್ಕರಕಿ, ಕಿರಕಸಾಲಿ, ಗೋಣಿಪಲ್ಯಗಳು ಎಷ್ಟು ಊರುಗಳಲ್ಲಿ ಉಳಿದಿವೆ? ಜಮೆಯ ಪುಟ ಬರೆದು ಖರ್ಚಿನ ಪುಟ ಖಾಲಿ ಬಿಟ್ಟ ಖಾತೆಪುಸ್ತಕವನ್ನು ಯಾವ ಲೆಕ್ಕಾಧಿಕಾರಿಯೂ ಒಪ್ಪಲಾರ.

ಕಾನೂನು ಇಲ್ಲವೆಂದಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿ, ಪ್ರತಿ ನಗರ ಸಂಸ್ಥೆಯಲ್ಲೂ ಸಮಿತಿ ಇರಬೇಕು. ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಮಾಧವ ಗಾಡ್ಗೀಳರಂತಹ ವಿಜ್ಞಾನಿಗಳು ಹಳ್ಳಿಗರ ಜ್ಞಾನಕ್ಕೆ ಗೌರವದ ಸ್ಥಾನ ಕೊಡಲು ರೂಪಿಸಿದ ಕಲ್ಪನೆಯದು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡವೆಂದಿತು. ದಾಖಲಾತಿಗಳು ದೇಶದಾದ್ಯಂತ ಲಕ್ಷಗಟ್ಟಲೆ ಸಿದ್ಧವಾದವು. ಗಡುವು ಸಮೀಪಿಸಿದಾಗ ಕಾಲಂಗಳು ಹೇಗೆ ತುಂಬುತ್ತವೆಂದು ನನಗೆ ಚೆನ್ನಾಗಿ ಗೊತ್ತು. ನಾನೂ ತುಂಬಿದವನೇ. ಮೇಜಿನ ಮೇಲೆ ಹುಟ್ಟಿದ ಪಟ್ಟಿ ಖಾಲಿ ಪಟ್ಟಿಗಿಂತ ಅಪಾಯಕಾರಿ. ಏಕೆಂದರೆ ಅದರಲ್ಲಿ ಇಲ್ಲದ ಗಿಡ ನಾಳೆ ಅಧಿಕೃತವಾಗಿಯೇ ಇಲ್ಲವಾಗುತ್ತದೆ.

ಅವಳಿ ನಗರದಲ್ಲಿ ನನ್ನಂತಹ ನಿವೃತ್ತರ ಸಂಖ್ಯೆ ಸಣ್ಣದಲ್ಲ. ಶಿಕ್ಷಕರು, ಬ್ಯಾಂಕ್ ನೌಕರರು, ರೈಲ್ವೆಯವರು, ಎಂಜಿನಿಯರುಗಳು. ಬೆಳಗ್ಗೆ ಹೇಗೂ ನಡೆಯುತ್ತೇವೆ. ಒಬ್ಬೊಬ್ಬರು ಒಂದೊಂದು ಗುಡ್ಡ, ಒಂದೊಂದು ಕೆರೆದಂಡೆ, ಕಡೆಗೆ ಒಂದು ಸ್ಮಶಾನದ ಬೇಲಿಯನ್ನಾದರೂ ತಮ್ಮದೆಂದುಕೊಂಡು ಮೂರು ಋತುಗಳಲ್ಲಿ ನೋಡಿ ಬರೆದರೆ ಸಾಕು. ಮೊಬೈಲಿನಲ್ಲಿ ತೆಗೆದ ಚಿತ್ರ, ದಿನಾಂಕ, ಸ್ಥಳ ಇವಿಷ್ಟು ಮೊದಲ ಬಂಡವಾಳ; ಗುರುತಿಸಲು ನೆರವಾಗುವ ಅಧ್ಯಾಪಕರು ನಮ್ಮ ನಡುವೆಯೇ ಇದ್ದಾರೆ. ಎರಡು ಎಚ್ಚರಿಕೆಗಳು ಮಾತ್ರ ಬೇಕು. ಅಪರೂಪದ ಗಿಡವನ್ನು ಕೀಳಬಾರದು, ಅದರ ನಿಖರ ತಾಣವನ್ನು ಊರಿಗೆಲ್ಲ ಸಾರಲೂಬಾರದು. ಮತ್ತು ಹೆಸರು ಹೇಳಿದ ಕುರಿಗಾಹಿಯ, ಕಸುಬಿನ ಅಜ್ಜಿಯ ಹೆಸರನ್ನು, ಅವರ ಒಪ್ಪಿಗೆ ಪಡೆದು, ಷರಾದಲ್ಲಿ ಬರೆಯಬೇಕು. ಜ್ಞಾನಕ್ಕೂ ಪಹಣಿ ಬೇಕಲ್ಲವೆ?

ಕಳೆದ ವರ್ಷ ಜುಲೈಯಲ್ಲಿ ಆ ಹಳೆಯ ಗಾಯರಾಣಕ್ಕೆ ಮತ್ತೆ ಹೋಗಿದ್ದೆ. ಅಲ್ಲೀಗ ಕಾಂಪೌಂಡು, ಕಟ್ಟಡ, ಅಂಚಿನಲ್ಲಿ ಸಾಲು ನೆಟ್ಟ ಅಲಂಕಾರದ ಗಿಡಗಳು. ಮುದುಕ ತೀರಿಹೋಗಿ ಬಹುಕಾಲವಾಯಿತೆಂದು ಊರವರು ಹೇಳಿದರು. ಗೋಡೆಯ ಹೊರಗೆ, ರಸ್ತೆಗೂ ಕಾಂಪೌಂಡಿಗೂ ನಡುವೆ, ಯಾವ ನಕ್ಷೆಯಲ್ಲೂ ಇರಲಾರದ ನಾಲ್ಕೈದು ಗುಂಟೆಯ ಕಲ್ಲುನೆಲ ಉಳಿದುಕೊಂಡಿದೆ. ಮಸೂರ ಹಿಡಿದು ಮಂಡಿಯೂರಿ ಮೂರು ಗಂಟೆ ಹುಡುಕಿದೆ. ಹುಲ್ಲೇ ಒಂಬತ್ತು ಬಗೆ. ಒಟ್ಟು 41 ಸಸ್ಯಗಳು, ಬಂಡೆಯ ಮೇಲೆ ಮೂರು ಕಲ್ಲುಹೂವು. ಅದರಲ್ಲಿ 12ಕ್ಕೆ ಹೆಸರು ಇನ್ನೂ ಸಿಕ್ಕಿಲ್ಲ.

ನೋಟ್‌ಬುಕ್ಕಿನ ಷರಾ ಕಾಲಂನಲ್ಲಿ 1991ರ ನನ್ನ ವರದಿಯ ದಿನಾಂಕವನ್ನು ನಮೂದಿಸಿ, ‘ಸದರಿ ವರದಿ ತಪ್ಪಾಗಿರುತ್ತದೆ’ ಎಂದು ಬರೆದು ಸಹಿ ಹಾಕಿದ್ದೇನೆ. ಅದಕ್ಕೆ ಕಾನೂನಿನ ಬೆಲೆಯೇನೂ ಇಲ್ಲ.